ತೊಂದರೆ ಇಲ್ಲದವರಿಗೂ ಪಿಎಸ್‌ಎ ಪರೀಕ್ಷೆ ಬೇಕೆ? ಪರ – ವಿರೋಧ

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುವ, ಬೆಟ್ಟದ ನೆಲ್ಲಿಕಾಯಿ ಗಾತ್ರದ ಗ್ರಂಥಿ. ಗಂಡಸರಲ್ಲಿ ಮಾತ್ರ ಇರುವಂಥದ್ದು. ವೀರ್ಯವನ್ನು ತೆಳುವಾಗಿಸಲು ಅದು ತಯಾರಿಸುವ ಒಂದು ಪ್ರೋಟೀನಿಗೆ ಪಿಎಸ್‌ಎ ಎನ್ನುತ್ತಾರೆ. ಅದರಲ್ಲಿ ಒಂದಿಷ್ಟು ರಕ್ತಕ್ಕೂ ಸೋರುತ್ತದೆ. ಗ್ರಂಥಿಯೊಳಗೆ ಏನಾದರೂ ಏರುಪೇರಾದರೆ ಸೋರಿಕೆ ಹೆಚ್ಚುತ್ತದೆ. ಅದು ಕ್ಯಾನ್ಸರೇ ಆಗಬೇಕೆಂದಿಲ್ಲ. ವಯಸ್ಸಿಗೆ ಗ್ರಂಥಿ ದಪ್ಪಗಾದರೂ ಹೆಚ್ಚುತ್ತದೆ, ಸೋಂಕಾದರೂ ಹೆಚ್ಚುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೋಗ್ರಾಂ ದಾಟಿದರೆ ಸಾಮಾನ್ಯವಾಗಿ ಲ್ಯಾಬಿನವರು ಆ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿ ಕಳಿಸುತ್ತಾರೆ.

ಅಮೆರಿಕದ ಎಫ್‌ಡಿಎ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ಕ್ಯಾನ್ಸರ್ ಇರುವುದು ಮೊದಲೇ ಗೊತ್ತಿದ್ದವರ ಮೇಲೆ ನಿಗಾ ಇಡಲು. 1994ರಲ್ಲಿ ಕ್ಯಾನ್ಸರ್ ಪತ್ತೆಗೂ ಬಳಸಬಹುದು ಎಂದಿತು. ಜಗಳ ಅಂದಿನಿಂದ ಇಂದಿನವರೆಗೂ ನಡೆದೇ ಇದೆ. ಉಚ್ಚೆಯ ತೊಂದರೆ ಏನೂ ಇಲ್ಲದ, 55ರಿಂದ 69ರೊಳಗಿನ ಗಂಡಸರಿಗೆಲ್ಲ ಈ ಪರೀಕ್ಷೆ ಮಾಡಿಸಬೇಕೆ? ಇಬ್ಬರು ವೈದ್ಯರು ಇಲ್ಲಿ ವಾದಿಸಿದ್ದಾರೆ. ಇಬ್ಬರೂ ಓದಿಕೊಂಡಿರುವ ಅಧ್ಯಯನಗಳು ಹೆಚ್ಚುಕಡಿಮೆ ಒಂದೇ.

ಪರ: ಬೆನ್ನು ನೋವು ಬರುವ ತನಕ ಕಾಯುವುದೇಕೆ?

ಯುರಾಲಜಿ (ಮೂತ್ರರೋಗ) ಓಪಿಡಿಯಲ್ಲಿ ಕೂತವರಿಗೆಲ್ಲ ಒಬ್ಬ ರೋಗಿಯ ಪರಿಚಯ ಇರುತ್ತದೆ. ಹೆಸರು, ಊರು ಬೇರೆಯಾದರೂ ಕಥೆ ಅದೇ. ವಯಸ್ಸು ಅರವತ್ತೈದರ ಆಚೆ. ಮಗ ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬರುತ್ತಾನೆ. ನಾಲ್ಕೈದು ತಿಂಗಳಿಂದ ಸೊಂಟ ನೋವು. ಮೊದಲು ಮುಲಾಮು ಹಚ್ಚಿದ್ದಾಯಿತು, ಆಮೇಲೆ ಊರಿನ ಡಾಕ್ಟರ ಇಂಜೆಕ್ಷನ್, ಆಮೇಲೆ ಎಣ್ಣೆ ಹಾಕಿ ನೀವುವವರು. ಕೊನೆಗೆ "ವಯಸ್ಸಾಯ್ತಲ್ಲ, ಡಿಸ್ಕ್ ಸವೆದಿದೆ" ಎಂದು ಯಾರೋ ಬೆಲ್ಟ್ ಕಟ್ಟಿಸಿದ್ದಾರೆ. ಹೋದ ವಾರದಿಂದ ಕಾಲಲ್ಲಿ ಶಕ್ತಿಯಿಲ್ಲ. ಎಂಆರ್‌ಐ ತೆಗೆದರೆ ಬೆನ್ನುಮೂಳೆಯ ಉದ್ದಕ್ಕೂ ಕ್ಯಾನ್ಸರ್ ಗಡ್ಡೆಗಳು, ಒಂದು ಕಡೆ ಬೆನ್ನುಹುರಿಯನ್ನೇ ಒತ್ತುತ್ತಿವೆ. ಪಿಎಸ್‌ಎ ನೂರುಗಳ ಲೆಕ್ಕದಲ್ಲಿ. ಮಗ ಹೊರಗೆ ಕರೆದು ಕೇಳುತ್ತಾನೆ: "ಇದು ಮೊದ್ಲೇ ಗೊತ್ತಾಗ್ತಿರ್ಲಿಲ್ವಾ ಡಾಕ್ಟ್ರೇ?"

ಬಹುಮಟ್ಟಿಗೆ ಗೊತ್ತಾಗುತ್ತಿತ್ತು. ಹತ್ತು ವರ್ಷ ಮೊದಲು ಒಂದು ಟ್ಯೂಬ್ ರಕ್ತ ಕೊಟ್ಟಿದ್ದರೆ.

"ಉಚ್ಚೆ ಕಟ್ಟಿದರೆ, ರಾತ್ರಿ ಪದೇಪದೇ ಎದ್ದರೆ ಬರ್ತೀನಿ ಬಿಡಿ" ಎನ್ನುವವರೇ ಜಾಸ್ತಿ. ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ವಯಸ್ಸಾದ ಮೇಲೆ ದಪ್ಪಗಾಗುವುದು ಗ್ರಂಥಿಯ ನಡುಭಾಗ, ಮೂತ್ರನಾಳಕ್ಕೆ ಅಂಟಿಕೊಂಡಿರುವ ಜಾಗ. ಅದಕ್ಕೇ ಧಾರೆ ಸಣ್ಣಗಾಗುತ್ತದೆ, ತಿಣುಕಬೇಕಾಗುತ್ತದೆ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರಅಂಚಿನಲ್ಲಿ, ನಾಳದಿಂದ ದೂರ. ಅಲ್ಲಿ ಅದು ವರ್ಷಗಟ್ಟಲೆ ಬೆಳೆದರೂ ಉಚ್ಚೆಗೆ ತಡೆಯಿಲ್ಲ, ನೋವಿಲ್ಲ, ರಕ್ತವಿಲ್ಲ. ಲಕ್ಷಣ ಕಾಣುವ ಹೊತ್ತಿಗೆ ಅನೇಕರಲ್ಲಿ ಗ್ರಂಥಿಯ ಗೋಡೆ ದಾಟಿ ಮೂಳೆಗೆ ಇಳಿದಿರುತ್ತದೆ. ಲಕ್ಷಣಕ್ಕೆ ಕಾದು ಹಿಡಿಯಬಹುದಾದ ಕಾಯಿಲೆ ಇದಲ್ಲ.

ಮೂಳೆಗೆ ಇಳಿದ ಮೇಲೆ ನಮ್ಮ ಕೈಯಲ್ಲಿ ಇರುವುದೇನು? ಪ್ರಾಸ್ಟೇಟ್ ಕ್ಯಾನ್ಸರಿಗೆ ಗಂಡು ಹಾರ್ಮೋನೇ ಆಹಾರ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಇವತ್ತಿಗೂ ಚಿಕಿತ್ಸೆಯ ಬುಡ ಅದೇ: ವೃಷಣ ತೆಗೆಯುವುದು, ಇಲ್ಲವೇ ಅದೇ ಕೆಲಸ ಮಾಡುವ ಇಂಜೆಕ್ಷನ್ ಕೊಡುವುದು. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ನಿಗೆ ದುಡ್ಡು ಹೊಂದಿಸಲಾಗದವರು ವೃಷಣವನ್ನೇ ತೆಗೆಸಿಕೊಳ್ಳುತ್ತಾರೆ. ಅಬಿರಾಟೆರೋನ್‌ನಂಥ ಮಾತ್ರೆಗಳು ಬಂದ ಮೇಲೆ ಆಯುಸ್ಸು ಲಂಬಿಸಿದೆ ನಿಜ. ಆದರೆ ಗುಣ ಎಂಬ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ಗುಣ ಆಗುವುದು ರೋಗ ಗ್ರಂಥಿಯ ಒಳಗೇ ಇದ್ದಾಗ.

ಈಗ ಅಧ್ಯಯನಗಳ ಮಾತು. ಯುರೋಪಿನಲ್ಲಿ 1993ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಇಆರ್‌ಎಸ್‌ಪಿಸಿ ಎಂಬ ಉದ್ದನೆಯ ಹೆಸರಿನದು. ಅದರ ಮುಖ್ಯ ಗುಂಪಿನಲ್ಲಿ 55ರಿಂದ 69 ವಯಸ್ಸಿನ ಸುಮಾರು 1.62 ಲಕ್ಷ ಗಂಡಸರು. ಅರ್ಧ ಜನರನ್ನು ನಿಯಮಿತವಾಗಿ ಪಿಎಸ್‌ಎಗೆ ಕರೆದರು, ಉಳಿದವರನ್ನು ಕರೆಯಲಿಲ್ಲ. 2009ರಲ್ಲಿ ಮೊದಲ ಫಲಿತಾಂಶ ಬಂದಾಗ ಪ್ರಾಸ್ಟೇಟ್ ಕ್ಯಾನ್ಸರ್ ಸಾವು ಶೇ. 20ರಷ್ಟು ಕಡಿಮೆ ಇತ್ತು. ಆದರೆ ಒಂದು ಸಾವು ತಪ್ಪಿಸಲು 1,410 ಜನರನ್ನು ಪರೀಕ್ಷಿಸಿ, ಹೆಚ್ಚುವರಿಯಾಗಿ 48 ಜನರಿಗೆ ಚಿಕಿತ್ಸೆ ಕೊಡಬೇಕು ಎಂಬ ಲೆಕ್ಕ ಬಂತು. ವಿರೋಧಿಗಳು ಇವತ್ತಿಗೂ ಬೀಸುವುದು ಆ 48ರ ಚಾಟಿಯನ್ನೇ. ಆದರೆ ಅದು 9 ವರ್ಷದ ಲೆಕ್ಕ. ನಿಧಾನವಾಗಿ ಬೆಳೆಯುವ ಕಾಯಿಲೆಯಲ್ಲಿ 9 ವರ್ಷಕ್ಕೆ ಫಸಲು ಎಣಿಸಲು ಕೂತರೆ ಹೇಗೆ? 16 ವರ್ಷಕ್ಕೆ ಅದೇ ಲೆಕ್ಕ 570 ಮತ್ತು 18ಕ್ಕೆ ಇಳಿಯಿತು. 2025ರಲ್ಲಿ ಪ್ರಕಟವಾದ 23 ವರ್ಷದ ಫಲಿತಾಂಶದಲ್ಲಿ 456 ಮತ್ತು 12. ಕಾದಷ್ಟೂ ಲಾಭ ಬೆಳೆದಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನಲ್ಲಿ 20,000 ಜನರ ಮೇಲೆ ಎರಡು ವರ್ಷಕ್ಕೊಮ್ಮೆ ಶಿಸ್ತಾಗಿ ನಡೆಸಿದ ಪ್ರಯೋಗದಲ್ಲಿ 14 ವರ್ಷಕ್ಕೇ ಸಾವು ಶೇ. 44 ಕಡಿಮೆಯಾಗಿತ್ತು.

ಅಮೆರಿಕದ ಪಿಎಲ್‌ಸಿಒ ಪ್ರಯೋಗ ಏನೂ ಲಾಭ ಇಲ್ಲ ಎಂದಿತಲ್ಲ, ಎಂದು ಕೇಳುವವರಿದ್ದಾರೆ. ಅದನ್ನು ಕೊಂಚ ಬಿಡಿಸಿ ನೋಡಬೇಕು. ಅಲ್ಲಿ "ಪರೀಕ್ಷೆ ಮಾಡದ" ಗುಂಪಿನವರೆಂದು ಇಟ್ಟುಕೊಂಡಿದ್ದವರಲ್ಲಿ ಹೆಚ್ಚಿನವರು ತಮ್ಮ ತಮ್ಮ ಡಾಕ್ಟರ ಹತ್ತಿರ ಹೋಗಿ ಪಿಎಸ್‌ಎ ಮಾಡಿಸಿಕೊಂಡೇ ಇದ್ದರು. 2016ರಲ್ಲಿ ಕಡತ ಮತ್ತೆ ತೆರೆದು ನೋಡಿದಾಗ ಅಂಥವರ ಪಾಲು ಶೇ. 80ಕ್ಕೂ ಮೇಲಿತ್ತು. ಪರೀಕ್ಷೆ ಮಾಡಿಸಿಕೊಂಡವರನ್ನು ಪರೀಕ್ಷೆ ಮಾಡಿಸಿಕೊಂಡವರ ಜೊತೆಗೇ ಹೋಲಿಸಿ ವ್ಯತ್ಯಾಸ ಇಲ್ಲ ಎಂದರೆ ಅದರಿಂದ ತಿಳಿಯುವುದೇನೂ ಇಲ್ಲ. ಇಂಥ ಪ್ರಯೋಗವನ್ನೂ ನೆಚ್ಚಿಕೊಂಡು ಅಮೆರಿಕದ ಸರ್ಕಾರಿ ಸಲಹಾ ಸಮಿತಿ 2012ರಲ್ಲಿ ಪಿಎಸ್‌ಎ ಬೇಡವೇ ಬೇಡ ಎಂದು 'ಡಿ' ದರ್ಜೆ ಕೊಟ್ಟಿತು. ಪರೀಕ್ಷೆಗಳು ಇಳಿದವು. ಮುಂದಿನ ವರ್ಷಗಳಲ್ಲಿ ಅಲ್ಲಿ ದೇಹಕ್ಕೆಲ್ಲ ಹರಡಿದ ಹಂತದಲ್ಲಿ ಪತ್ತೆಯಾಗುವವರ ಪ್ರಮಾಣ ಏರತೊಡಗಿತು. 2018ರಲ್ಲಿ ಅದೇ ಸಮಿತಿ ಒಂದು ಹೆಜ್ಜೆ ಹಿಂದೆ ಸರಿದು, 55ರಿಂದ 69ರವರು ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಲಿ ಎಂದಿತು.

ಹಳೆಯ ದಿನಗಳ ಹಾನಿಯನ್ನು ನಾನು ಅಲ್ಲಗಳೆಯುವುದಿಲ್ಲ. ತೊಂಬತ್ತರ ದಶಕದಲ್ಲಿ ಪಿಎಸ್‌ಎ ಏರಿದರೆ ಸೀದಾ ಬಯಾಪ್ಸಿ (ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆದು ನೋಡುವುದು), ಬಯಾಪ್ಸಿಯಲ್ಲಿ ಒಂದು ಚೂರು ಕಂಡರೂ ಸೀದಾ ಆಪರೇಷನ್. ಆ ಸರಪಳಿ ಈಗ ಎರಡು ಕಡೆ ತುಂಡಾಗಿದೆ. ಒಂದು, ನಡುವೆ ಎಂಆರ್‌ಐ ಬಂದಿದೆ. 2018ರ ಪ್ರಿಸಿಷನ್ ಪ್ರಯೋಗದಲ್ಲಿ ಎಂಆರ್‌ಐ ಮೊದಲು ಮಾಡಿಸಿದವರಲ್ಲಿ ಶೇ. 28 ಜನರಿಗೆ ಸೂಜಿಯೇ ಬೇಕಾಗಲಿಲ್ಲ. ಆದರೂ ಚಿಕಿತ್ಸೆ ನಿಜವಾಗಿ ಬೇಕಾದ ಕ್ಯಾನ್ಸರ್ ಸಿಕ್ಕಿದ್ದು ಶೇ. 38 ಜನರಲ್ಲಿ, ಹಳೆಯ ಪದ್ಧತಿಯಲ್ಲಿ ಶೇ. 26. ಹಾನಿ ಮಾಡದ ಸಣ್ಣಪುಟ್ಟ ಗಡ್ಡೆಗಳ ಪತ್ತೆ ಶೇ. 22ರಿಂದ 9ಕ್ಕೆ ಇಳಿಯಿತು. ಬೇಕಾದ್ದು ಹೆಚ್ಚು ಸಿಗುತ್ತದೆ, ಬೇಡದ್ದು ಕಡಿಮೆ ಸಿಗುತ್ತದೆ. ಒಂದು ಪರೀಕ್ಷೆಯಿಂದ ಇನ್ನೇನು ಕೇಳಲು ಸಾಧ್ಯ?

ಎರಡು, ಕ್ಯಾನ್ಸರ್ ಸಿಕ್ಕರೂ ಕತ್ತರಿ ಹಿಡಿಯಬೇಕೆಂದಿಲ್ಲ. ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗದಲ್ಲಿ 1,643 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು: ಕಾದು ನೋಡುವುದು, ಆಪರೇಷನ್, ರೇಡಿಯೇಷನ್. 15 ವರ್ಷದ ನಂತರ ಮೂರೂ ಗುಂಪುಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಶೇ. 3ರ ಆಸುಪಾಸು, ಅಷ್ಟೇ. ವಿರೋಧಿಗಳು ಇದನ್ನು ಪತ್ತೆಯೇ ವ್ಯರ್ಥ ಎಂದು ಓದುತ್ತಾರೆ. ನಾನು ಓದುವುದು ಬೇರೆ ಥರ: ಪತ್ತೆ ಮಾಡಿ, ಅವಸರ ಬೇಡ. ಅಮೆರಿಕದಲ್ಲೂ ಈಗ ಕಡಿಮೆ ಅಪಾಯದ ಕ್ಯಾನ್ಸರ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲಿಗೆ ನಿಗಾದಲ್ಲೇ ಇರುತ್ತಾರೆ.

"ಇದೆಲ್ಲ ಬಿಳಿಯರ ಕಾಯಿಲೆ, ನಮ್ಮಲ್ಲಿ ಕಡಿಮೆ" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ನೋಂದಾಯಿತ ಪ್ರಕರಣ ನಮ್ಮಲ್ಲಿ ಕಡಿಮೆ, ನಿಜ. ಹುಡುಕದೆ ಇದ್ದರೆ ಕಡಿಮೆಯೇ ಇರುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಗಂಡಸರಲ್ಲಿ ಜೀವಮಾನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗುವುದು 13ರಲ್ಲಿ ಒಬ್ಬರಿಗೆ; ಬಿಳಿಯರಲ್ಲಿ 8ರಲ್ಲಿ ಒಬ್ಬರಿಗೆ. ಅಂತರ ಇದೆ, ಆದರೆ ಇಲ್ಲಿ ಕೂತು ಊಹಿಸಿಕೊಳ್ಳುವಷ್ಟು ಇಲ್ಲ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮವರಿಗೆ ಅಲ್ಲಿನ ಡಾಕ್ಟರು ಈ ಮಾತು ಎತ್ತುತ್ತಾರೆ. ಹಾಸನದಲ್ಲೇ ಉಳಿದ ಅವರ ಅಣ್ಣನ ಹತ್ತಿರ ಎತ್ತುವವರು ಯಾರು?

ನಾನು ಕೇಳುತ್ತಿರುವುದು ಪ್ರತಿ ವರ್ಷ ಎಲ್ಲರಿಗೂ ಸೂಜಿ ಚುಚ್ಚಿ ಎಂದಲ್ಲ. ಸ್ವೀಡನ್ನಿನ ಮಾಲ್ಮೊದಲ್ಲಿ ದಶಕಗಳ ಹಿಂದೆ ಶೇಖರಿಸಿಟ್ಟ ರಕ್ತವನ್ನು ಪರೀಕ್ಷಿಸಿದಾಗ, 60ನೇ ವಯಸ್ಸಿನಲ್ಲಿ ಪಿಎಸ್‌ಎ 1ರ ಒಳಗಿದ್ದವರು 85 ತುಂಬುವಷ್ಟರಲ್ಲಿ ಈ ಕ್ಯಾನ್ಸರಿನಿಂದ ಸಾಯುವ ಸಂಭವ ಬರೀ ಶೇ. 0.2 ಎಂದು ತಿಳಿಯಿತು. ಅಂದರೆ ಬಹಳಷ್ಟು ಜನರಿಗೆ ಒಂದೆರಡು ಪರೀಕ್ಷೆ ಮಾಡಿ, "ಇನ್ನು ಇದರ ಚಿಂತೆ ಬಿಡಿ ಸ್ವಾಮಿ" ಎಂದು ಕಳಿಸಬಹುದು. 1ರಿಂದ 3ರ ನಡುವೆ ಇದ್ದವರು ಎರಡು ವರ್ಷಕ್ಕೊಮ್ಮೆ ಬರಲಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಇದ್ದರೆ, ಮನೆತನದಲ್ಲಿ ಬಿಆರ್‌ಸಿಎ2 ಎಂಬ ಜೀನಿನ ದೋಷ ಇದ್ದರೆ 45ಕ್ಕೇ ಶುರು ಮಾಡಲಿ. 70 ದಾಟಿದ ಮೇಲೆ ನಿಲ್ಲಿಸೋಣ. ಆ ಸೊಂಟದ ಬೆಲ್ಟಿಗೆ ಕೊಡುವ ದುಡ್ಡಿನೊಳಗೆ ಈ ಪರೀಕ್ಷೆ ಆಗಿಹೋಗುತ್ತದೆ.

ವಿರೋಧ: ರಿಪೋರ್ಟ್ ಕೈಗೆ ಬಂದ ಮೇಲೆ

ನನ್ನದು ತಾಲ್ಲೂಕು ಕೇಂದ್ರದ ಕ್ಲಿನಿಕ್. ನಾನು ಯುರಾಲಜಿಸ್ಟ್ ಅಲ್ಲ. ರೋಗಿಗಳು ಯುರಾಲಜಿಸ್ಟ್ ಹತ್ತಿರ ಹೋಗುವ ಮೊದಲೂ ಅಲ್ಲಿಂದ ಬಂದ ಮೇಲೂ ನೋಡುವವನು. ಹಾಗಾಗಿ ನನ್ನ ಕಣ್ಣಿಗೆ ಬೀಳುವುದು ಬೇರೆ.

ನಿವೃತ್ತ ಮೇಷ್ಟ್ರೊಬ್ಬರು, 62 ವರ್ಷ. ಬೆಂಗಳೂರಿನಲ್ಲಿರುವ ಮಗ ಅಪ್ಪನ ಹುಟ್ಟುಹಬ್ಬಕ್ಕೆ 'ಫುಲ್ ಬಾಡಿ ಚೆಕಪ್' ಬುಕ್ ಮಾಡಿದ. ಹುಡುಗ ಮನೆಗೇ ಬಂದು ರಕ್ತ ಎಳೆದುಕೊಂಡು ಹೋದ. ಸಂಜೆ ವಾಟ್ಸಾಪಿನಲ್ಲಿ ಪಿಡಿಎಫ್. ಎಪ್ಪತ್ತೆಂಬತ್ತು ಅಂಕಿಗಳ ನಡುವೆ ಒಂದು ಕೆಂಪಗೆ: ಪಿಎಸ್‌ಎ 5.8. ಆ ಪರೀಕ್ಷೆ ಪ್ಯಾಕೇಜಿನಲ್ಲಿ ಇರುವುದು ಮೇಷ್ಟ್ರಿಗೂ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ. ಮಗ ಮೊಬೈಲಿನಲ್ಲಿ ಹುಡುಕಿದ, ಕ್ಯಾನ್ಸರ್ ಎಂದು ಬಂತು, ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಬೆಳಿಗ್ಗೆ ನನ್ನ ಹತ್ತಿರ ಬಂದಾಗ ಕೇಳಿದೆ, "ಮೇಷ್ಟ್ರೇ, ಈಚೆಗೆ ಉರಿ ಮೂತ್ರ ಏನಾದ್ರೂ ಆಗಿತ್ತಾ?" ಹದಿನೈದು ದಿನದ ಹಿಂದೆ ಜ್ವರ, ಉರಿ ಎರಡೂ ಆಗಿತ್ತಂತೆ. ಸೋಂಕಿಗೆ ಔಷಧಿ ಕೊಟ್ಟು, ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ 2.3. ಎರಡು ತಿಂಗಳು ಆ ಮನೆಯವರು ಪಟ್ಟ ಪಾಡು ಯಾವ ಪ್ರಯೋಗದ ಕೋಷ್ಟಕದಲ್ಲೂ ಇಲ್ಲ.

ಇದು ಅಪರೂಪದ ಕಥೆ ಅಲ್ಲ. ಯುರೋಪಿನ ಅದೇ ದೊಡ್ಡ ಪ್ರಯೋಗದಲ್ಲಿ ಪಿಎಸ್‌ಎ ಜಾಸ್ತಿ ಎಂದು ಬಯಾಪ್ಸಿ ಮಾಡಿದ ನಾಲ್ವರಲ್ಲಿ ಮೂವರಿಗೆ ಕ್ಯಾನ್ಸರೇ ಸಿಗಲಿಲ್ಲ. ಇನ್ನೊಂದು ತುದಿಯನ್ನೂ ನೋಡಿ. 2004ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ ಪಿಎಸ್‌ಎ 4ರ ಒಳಗೇ ಇದ್ದವರಿಗೂ ಬಯಾಪ್ಸಿ ಮಾಡಿದರು, ಶೇ. 15 ಜನರಲ್ಲಿ ಕ್ಯಾನ್ಸರ್ ಇತ್ತು. ಪ್ರಾಸ್ಟೇಟ್ ದಪ್ಪಗಾದವರು ನುಂಗುವ ಫಿನಾಸ್ಟರೈಡ್ ಮಾತ್ರೆ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತದೆ. ಕೂದಲು ಉದುರದಿರಲೆಂದು ಸಣ್ಣ ಡೋಸಿನಲ್ಲಿ ನುಂಗುವವರಲ್ಲೂ ಅಷ್ಟೇ. ಮನೆಗೆ ಬಂದು ರಕ್ತ ಎಳೆಯುವ ಹುಡುಗ ಇದನ್ನು ಕೇಳುತ್ತಾನೆಯೆ? ಏರಿದರೂ ನಂಬುವ ಹಾಗಿಲ್ಲ, ಇಳಿದರೂ ನಂಬುವ ಹಾಗಿಲ್ಲ. ಈ ಪ್ರೋಟೀನನ್ನು 1970ರಲ್ಲಿ ಮೊದಲು ಗುರುತಿಸಿದ ವಿಜ್ಞಾನಿಗಳಲ್ಲೊಬ್ಬರಾದ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ ಪತ್ರಿಕೆಯಲ್ಲಿ ಬರೆದು, ತಮ್ಮ ಶೋಧ ಹೀಗೆ ಸಾರಾಸಗಟು ಬಳಕೆಯಾಗಿ ಸಾರ್ವಜನಿಕ ಆರೋಗ್ಯಕ್ಕೆ ದುಬಾರಿ ಅನಾಹುತವಾಗಿದೆ ಎಂದರು.

ಪರ ವಾದಿಸಿದ ಮಿತ್ರರು ಶೇಕಡಾವಾರು ಲೆಕ್ಕ ಚೆನ್ನಾಗಿ ಕೊಟ್ಟಿದ್ದಾರೆ. ಅದೇ ಅಂಕಿಗಳನ್ನು ತಲೆ ಎಣಿಕೆಯಲ್ಲಿ ಹೇಳುತ್ತೇನೆ. 23 ವರ್ಷ ಕಾದ ಮೇಲೆ, ಪರೀಕ್ಷೆಗೆ ಕರೆಯದ 1,000 ಜನರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 16. ಕರೆದ 1,000 ಜನರಲ್ಲಿ 14. ಆ ಇಬ್ಬರ ಜೀವ ದೊಡ್ಡದೇ. ಆದರೆ ಎಲ್ಲ ಕಾರಣಗಳಿಂದ ಸತ್ತವರನ್ನು ಒಟ್ಟು ಹಾಕಿದರೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ ಸಿಎಪಿ ಪ್ರಯೋಗ ಇನ್ನೂ ದೊಡ್ಡದು, ನಾಲ್ಕು ಲಕ್ಷಕ್ಕೂ ಹೆಚ್ಚು ಗಂಡಸರು. ಒಂದೇ ಒಂದು ಸಲ ಪಿಎಸ್‌ಎಗೆ ಕರೆದರು. 15 ವರ್ಷದ ನಂತರ 1,000ಕ್ಕೆ ಸುಮಾರು 8 ಇದ್ದ ಸಾವು 7ಕ್ಕೆ ಬಂತು. ಕರೆದವರಲ್ಲಿ ಮೂರನೇ ಒಂದು ಪಾಲಿನಷ್ಟೇ ಜನ ಪರೀಕ್ಷೆ ಮಾಡಿಸಿಕೊಂಡರು ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮೂರಿನಲ್ಲಿ ಕರೆದರೆ ಅಷ್ಟಾದರೂ ಜನ ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾರೆಯೆ?

ಆ ಇಬ್ಬರಿಗಾಗಿ ಉಳಿದವರು ಏನು ತೆರುತ್ತಾರೆ ಎಂಬುದೇ ನನ್ನ ಪ್ರಶ್ನೆ. ಬೇರೆ ಕಾರಣಕ್ಕೆ ತೀರಿಕೊಂಡವರ ಶವಪರೀಕ್ಷೆಗಳಲ್ಲಿ ಪ್ರಾಸ್ಟೇಟ್ ಕೊಯ್ದು ನೋಡಿದಾಗಲೆಲ್ಲ, ಇಳಿವಯಸ್ಸಿನ ಗಂಡಸರಲ್ಲಿ ದೊಡ್ಡ ಪಾಲಿನವರ ಗ್ರಂಥಿಯಲ್ಲಿ ಸಣ್ಣ ಕ್ಯಾನ್ಸರ್ ಕಂಡಿದೆ. ಬದುಕಿದ್ದಾಗ ಅವರಿಗೆ ಅದು ಗೊತ್ತೇ ಇರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಹುಡುಕಲು ಹೊರಟರೆ ಮೊದಲು ಸಿಗುವುದು ಇವೇ. ನಿಧಾನವಾಗಿ ಬೆಳೆಯುವ ಗಡ್ಡೆ ವರ್ಷಾನುಗಟ್ಟಲೆ ಅಲ್ಲೇ ಇರುತ್ತದೆ, ಯಾವಾಗ ಪರೀಕ್ಷೆ ಮಾಡಿದರೂ ಸಿಗುತ್ತದೆ. ನುಗ್ಗಿ ಬೆಳೆಯುವ ಕೆಟ್ಟ ಗಡ್ಡೆ ಎರಡು ಪರೀಕ್ಷೆಗಳ ನಡುವೆ ಹುಟ್ಟಿ ಹರಡಿಬಿಡಬಹುದು. "ಬೇಗ ಪತ್ತೆಯಾಯಿತು, ನೋಡಿ ಎಷ್ಟು ವರ್ಷ ಬದುಕಿದರು" ಎನ್ನುವ ಕಥೆಗಳಲ್ಲಿ ಬಹಳಷ್ಟು, ಪತ್ತೆಯಾಗದಿದ್ದರೂ ಅಷ್ಟೇ ವರ್ಷ ಬದುಕುತ್ತಿದ್ದವರ ಕಥೆಗಳು.

ಆಪರೇಷನ್ ಆದವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪ್ರೊಟೆಕ್ಟ್ ಪ್ರಯೋಗದ ಸಾವಿನ ಅಂಕಿಯನ್ನು ಮಿತ್ರರು ಹೇಳಿದರು, ಬದುಕಿದವರ ಅಂಕಿಯನ್ನು ಬಿಟ್ಟರು. ಆಪರೇಷನ್ ಮಾಡಿಸಿಕೊಂಡವರಲ್ಲಿ ಆರು ತಿಂಗಳಿಗೆ ಶೇ. 46 ಜನ ಉಚ್ಚೆ ಸೋರಿ ಪ್ಯಾಡ್ ಬಳಸುತ್ತಿದ್ದರು, ಆರು ವರ್ಷಕ್ಕೂ ಶೇ. 17 ಜನ. ಚಿಕಿತ್ಸೆಗೆ ಮೊದಲು ಮೂವರಲ್ಲಿ ಇಬ್ಬರಿಗೆ ಸಂಭೋಗಕ್ಕೆ ಸಾಕಾಗುವಷ್ಟು ನಿಮಿರುತ್ತಿತ್ತು; ಆಪರೇಷನ್ನಾದ ಆರು ತಿಂಗಳಿಗೆ ಶೇ. 12 ಜನರಿಗೆ ಮಾತ್ರ. ರೇಡಿಯೇಷನ್ನಿನವರಿಗೆ ಸೋರಿಕೆ ಕಡಿಮೆ, ಬದಲಿಗೆ ಮಲದ ತೊಂದರೆ, ಮಲದಲ್ಲಿ ರಕ್ತ. ಕಾಗದದ ಮೇಲೆ ಇವು ಶೇಕಡಾ. ನಮ್ಮ ಕಡೆ ಇವು ಹೀಗಿರುತ್ತವೆ: ಬಿಳಿ ಪಂಚೆ ಬಿಟ್ಟು ಕಡುಬಣ್ಣದ ಪ್ಯಾಂಟಿಗೆ ಬದಲಾಗುವುದು. ಮದುವೆಮನೆಗೆ ಹೋದರೆ ಊಟದ ಮನೆಗಿಂತ ಮೊದಲು ಬಾತ್‌ರೂಮ್ ಎಲ್ಲಿದೆ ಎಂದು ನೋಡಿಕೊಳ್ಳುವುದು. ಕೆಮ್ಮು ಬಂದರೆ ಕಾಲು ಕತ್ತರಿ ಹಾಕಿ ನಿಲ್ಲುವುದು. ದೇವಸ್ಥಾನಕ್ಕೆ ಹೋಗಲು "ಮೈಲಿಗೆ ಅಲ್ವಾ" ಎಂದು ಹಿಂಜರಿಯುವುದು. ಇದನ್ನೆಲ್ಲ ಅವರು ಸರ್ಜನ್ ಹತ್ತಿರ ಹೇಳಿಕೊಳ್ಳುವುದಿಲ್ಲ. ಅಲ್ಲಿ "ಹೇಗಿದೀರಿ?" ಎಂದರೆ "ಪಿಎಸ್‌ಎ ಝೀರೋ ಬಂದಿದೆ ಸರ್" ಎನ್ನುತ್ತಾರೆ. ನನ್ನ ಹತ್ತಿರ ಬಿಪಿ ಮಾತ್ರೆಗೆ ಬಂದಾಗ ಬಾಗಿಲು ಹಾಕಿ ಹೇಳುತ್ತಾರೆ.

ಕಾದು ನೋಡಬಹುದಲ್ಲ, ಎನ್ನುತ್ತಾರೆ ಮಿತ್ರರು. ಪುಸ್ತಕದಲ್ಲಿ ನೋಡಬಹುದು. ಕ್ಯಾನ್ಸರ್ ಎಂಬ ಮಾತು ಒಮ್ಮೆ ಮನೆಯೊಳಗೆ ಬಂತೆಂದರೆ ನಿರ್ಧಾರ ರೋಗಿಯದಾಗಿ ಉಳಿಯುವುದಿಲ್ಲ. ಅಳಿಯ, ಬೀಗರು, ಅಮೆರಿಕದಲ್ಲಿರುವ ಮಗಳು ಎಲ್ಲರೂ ಸೇರುತ್ತಾರೆ. "ಕ್ಯಾನ್ಸರ್ ಇಟ್ಕೊಂಡು ಸುಮ್ನೆ ಕೂರೋದಾ? ದುಡ್ಡಿಗೆ ಯೋಚನೆ ಮಾಡ್ತಿದೀರಾ?" ಎಂಬ ಒಂದು ಮಾತಿಗೆ ಯಾವ ಅಪ್ಪನೂ ಎದುರಾಡುವುದಿಲ್ಲ. ಪ್ರೊಟೆಕ್ಟ್‌ನಲ್ಲೇ, ಅಷ್ಟೆಲ್ಲ ತಿಳಿಹೇಳಿ ಕಾದು ನೋಡುವ ಗುಂಪಿಗೆ ಹಾಕಿದವರಲ್ಲೂ 15 ವರ್ಷದೊಳಗೆ ಸುಮಾರು ಶೇ. 60 ಜನ ಆಪರೇಷನ್ನಿಗೋ ರೇಡಿಯೇಷನ್ನಿಗೋ ಹೋದರು. ನಿಗಾ ಎಂದರೆ ಸುಮ್ಮನೆ ಕೂರುವುದೂ ಅಲ್ಲ. ಆರು ತಿಂಗಳಿಗೊಮ್ಮೆ ರಕ್ತ, ಆಗಾಗ ಎಂಆರ್‌ಐ, ಮತ್ತೆ ಬಯಾಪ್ಸಿ, ಹತ್ತಾರು ವರ್ಷ. ನಮ್ಮಲ್ಲಿ ಬಿಪಿ ಮಾತ್ರೆಯನ್ನೇ ಮೂರು ತಿಂಗಳಿಗೆ ಬಿಡುತ್ತಾರೆ.

ಎಂಆರ್‌ಐ ಬಂದು ಕಥೆ ಬದಲಾಯಿತು ಎಂಬುದನ್ನು ಅರ್ಧ ಒಪ್ಪುತ್ತೇನೆ. ಪ್ರಿಸಿಷನ್ ನಡೆದದ್ದು ಪ್ರಾಸ್ಟೇಟ್ ಚಿತ್ರವನ್ನೇ ಓದಿ ಪಳಗಿದವರು ಇರುವ ಆಸ್ಪತ್ರೆಗಳಲ್ಲಿ. ಜಿಲ್ಲಾ ಕೇಂದ್ರದ ಸ್ಕ್ಯಾನ್ ಸೆಂಟರಿನಲ್ಲಿ ದಿನಕ್ಕೆ ಮಂಡಿ, ಬೆನ್ನು, ತಲೆ ಎಂದು ಸಾಲಾಗಿ ಓದುವವರ ಕೈಗೆ ಇದೂ ಬಂದರೆ ವರದಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರುತ್ತದೆ. ಕೊನೆಗೆ ಬರೆಯುವುದು "ಬಯಾಪ್ಸಿ ಸೂಕ್ತ". ಅದನ್ನು ಈಗಲೂ ಅನೇಕ ಕಡೆ ಗುದದ್ವಾರದ ಮೂಲಕವೇ ಮಾಡುತ್ತಾರೆ. ಸೂಜಿ ಕರುಳಿನ ಬ್ಯಾಕ್ಟೀರಿಯಾವನ್ನು ಹೊತ್ತು ಗ್ರಂಥಿಗೆ, ರಕ್ತಕ್ಕೆ ದಾಟಿಸಬಹುದು. ಮಾಮೂಲಿ ಆಂಟಿಬಯಾಟಿಕ್ಕಿಗೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಎಷ್ಟು ಎಂಬುದು ಡಾಕ್ಟರುಗಳಿಗೆಲ್ಲ ಗೊತ್ತಿರುವ ವಿಷಯ. ಕಾಲುಗಳ ನಡುವಿನ ಚರ್ಮದ ಮೂಲಕ ಬಯಾಪ್ಸಿ ಮಾಡಿದರೆ ಆ ಅಪಾಯ ಬಹಳ ಕಡಿಮೆ, ಆದರೆ ಆ ಸೌಲಭ್ಯ ಎಲ್ಲ ಕಡೆ ಇಲ್ಲ.

ಇನ್ನು ಆ ವೀಲ್‌ಚೇರಿನ ರೋಗಿ. ನನ್ನ ಕ್ಲಿನಿಕ್ಕಿನಲ್ಲೂ ಅವರು ಕೂತಿದ್ದಾರೆ, ಕಣ್ಣೀರು ಬರಿಸುವ ಕಥೆಯೇ. ಆದರೆ ಅವರು ನಾಲ್ಕೈದು ತಿಂಗಳು ಸೊಂಟ ನೋವಿನಿಂದ ಅಲೆದರು, ಯಾರೂ ಒಂದು ಪಿಎಸ್‌ಎ ಬರೆದುಕೊಡಲಿಲ್ಲ. ಅರವತ್ತು ದಾಟಿದ ಗಂಡಸಿಗೆ ಹೊಸದಾಗಿ ಬಂದು, ರಾತ್ರಿ ಮಲಗಿದರೂ ಬಿಡದ ಬೆನ್ನು ನೋವಿಗೆ ಈ ಪರೀಕ್ಷೆ ಮಾಡಬೇಕು ಎಂಬುದರಲ್ಲಿ ನನಗೂ ಮಿತ್ರರಿಗೂ ಜಗಳವೇ ಇಲ್ಲ. ಅದು ತೊಂದರೆ ಇರುವವರ ತಪಾಸಣೆ. ನಾವು ವಾದಿಸುತ್ತಿರುವುದು ತೊಂದರೆ ಇಲ್ಲದವರ ಬಗ್ಗೆ. ಮೊದಲನೆಯವರನ್ನು ತೋರಿಸಿ ಎರಡನೆಯವರಿಗೆ ಸೂಜಿ ಚುಚ್ಚುವುದು ನ್ಯಾಯವಲ್ಲ. 2025ರಲ್ಲಿ ಜೋ ಬೈಡನ್ ಅವರಿಗೆ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದಾಗಲೂ ಹೀಗೇ ಆಯಿತು. ಅವರಿಗೆ ಆಗ 82. ಕೊನೆಯ ಪಿಎಸ್‌ಎ 2014ರದು ಎಂದು ಅವರ ಕಚೇರಿ ಹೇಳಿತು, ಅಂದರೆ 70 ದಾಟಿದ ಮೇಲೆಯೇ. 70ಕ್ಕೆ ನಿಲ್ಲಿಸೋಣ ಎನ್ನುವ ಮಿತ್ರರ ಯೋಜನೆಯಲ್ಲೂ ಅವರು ಸಿಗುತ್ತಿರಲಿಲ್ಲ. ಆದರೂ ಆ ವಾರ ನನ್ನ ಕ್ಲಿನಿಕ್ಕಿಗೆ ಪಿಎಸ್‌ಎ ಕೇಳಿಕೊಂಡು ಬಂದವರೇ ಬಂದವರು.

ಹುಡುಕದೆ ಇದ್ದುದಕ್ಕೆ ನಮ್ಮಲ್ಲಿ ಕಡಿಮೆ ಕಾಣುತ್ತದೆ ಎಂಬ ವಾದದಲ್ಲಿ ಒಂದಿಷ್ಟು ಹುರುಳಿದೆ. ಆದರೆ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ನೋಂದಣಿ ಎಂಬತ್ತರ ದಶಕದ ಆರಂಭದಿಂದ ನಡೆಯುತ್ತಿದೆ, ನಾವು ತೀರಾ ಕತ್ತಲಲ್ಲಿ ಏನಿಲ್ಲ. ವಯಸ್ಸಿನ ಹೊಂದಾಣಿಕೆ ಮಾಡಿ ನೋಡಿದರೂ ಭಾರತಕ್ಕೂ ಅಮೆರಿಕಕ್ಕೂ ಹತ್ತು ಪಟ್ಟಿಗೂ ಮೀರಿದ ಅಂತರ ಇದೆ. ಹುಡುಕಾಟದ ಕೊರತೆಯೊಂದೇ ಅಷ್ಟನ್ನೂ ವಿವರಿಸಲಾರದು. ಕಾಯಿಲೆ ಕಡಿಮೆ ಇರುವ ಜನರಲ್ಲಿ ಅದೇ ಬಲೆ ಬೀಸಿದರೆ ಒಂದು ಸಾವು ತಪ್ಪಿಸಲು 456 ಅಲ್ಲ, ಇನ್ನೂ ಬಹಳ ಜನರನ್ನು ಎಳೆಯಬೇಕಾಗುತ್ತದೆ. ಎಷ್ಟು ಎಂದು ಹೇಳಬಲ್ಲ ದೊಡ್ಡ ಪ್ರಯೋಗ ಭಾರತದಲ್ಲಿ ನಡೆದೇ ಇಲ್ಲ. ಸರ್ಕಾರ 30 ದಾಟಿದವರಿಗೆ ತಪಾಸಣೆ ಮಾಡಬೇಕೆಂದು ಆರಿಸಿಕೊಂಡಿರುವ ಕ್ಯಾನ್ಸರುಗಳು ಮೂರು: ಬಾಯಿ, ಸ್ತನ, ಗರ್ಭಕಂಠ. ಗುಟ್ಕಾ ಜಗಿಯುವವನ ಬಾಯೊಳಗೆ ಟಾರ್ಚ್ ಬಿಟ್ಟು ನೋಡುವ ಕೆಲಸವೇ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಸರಿಯಾಗಿ ಮುಗಿದಿಲ್ಲ. ಅದಕ್ಕೆ ರಕ್ತವೂ ಬೇಡ, ಎಂಆರ್‌ಐಯೂ ಬೇಡ.

ಹಾಗಂತ ಕೇಳಿಕೊಂಡು ಬಂದವರನ್ನು ನಾನು ವಾಪಸ್ ಕಳಿಸುವುದಿಲ್ಲ. ಅಪ್ಪನಿಗೋ ಅಣ್ಣನಿಗೋ ಇದ್ದವರಿಗೆ ನಾನೇ ಬರೆದುಕೊಡುತ್ತೇನೆ. ಉಳಿದವರನ್ನು ಕೂರಿಸಿ, ಮೇಲಿನ 16 ಮತ್ತು 14ರ ಲೆಕ್ಕ ಹೇಳುತ್ತೇನೆ, ಪ್ಯಾಡಿನ ಲೆಕ್ಕವನ್ನೂ ಹೇಳುತ್ತೇನೆ. ಅಂಕಿ ಜಾಸ್ತಿ ಬಂದರೆ ಮುಂದಿನ ಹೆಜ್ಜೆಗೆ ತಯಾರಿದ್ದೀರಾ, ಎಂದು ಕೇಳುತ್ತೇನೆ. ಕೆಲವರು ಮಾಡಿಸುತ್ತಾರೆ, ಕೆಲವರು "ಹಾಗಾದ್ರೆ ಬೇಡ ಬಿಡಿ ಡಾಕ್ಟ್ರೇ" ಎಂದು ಏಳುತ್ತಾರೆ. ಎರಡಕ್ಕೂ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಪ್ಯಾಕೇಜಿನ ಪಟ್ಟಿಯ ಮೇಲೆ. ಸಕ್ಕರೆ, ಥೈರಾಯ್ಡ್, ವಿಟಮಿನ್ ಡಿ ನಡುವೆ ಪಿಎಸ್‌ಎಯನ್ನು ಸೇರಿಸಿಟ್ಟಿದ್ದಾರಲ್ಲ, ಅದನ್ನು ಅಲ್ಲಿಂದ ತೆಗೆಯಲಿ. ಬೇಕಾದವರು ಬೇಕೆಂದು ಬರೆದುಕೊಟ್ಟ ಮೇಲಷ್ಟೇ ಮಾಡಲಿ.